ಡಬ್ಬಿಗೆ ಎಲ್ಲಾ ಗೊತ್ತಾಗ್ತದ

ದೊಡ್ಡ ಯಂತ್ರಗಳ ಇಂಜಿನ್ನನ್ನೂ ಹೈಡ್ರಾಲಿಕ್ಕನ್ನೂ ಆಳುವ ಕಂಟ್ರೋಲರ್ ಡಬ್ಬಿಗಳ ರಿಪೇರಿ ನನ್ನ ಕೆಲಸ, ವಾಡಿಯಲ್ಲಿ ಅಂಗಡಿ. ಡಬ್ಬಿ ಕೆಟ್ಟಿದ್ದರೆ ತಾಸಿನ ಕೆಲಸ. ಕೆಡದಿದ್ದರೆ ಏನಾಯಿತೆಂದು ಕೇಳಬೇಕು, ಅದಕ್ಕೆ ಅರ್ಧ ದಿನ. ನನಗೆ ಬರುವುದು ಹೆಚ್ಚಾಗಿ ಕೆಡದ ಡಬ್ಬಿಗಳೇ.

ಈ ಮೂರು ಪ್ರಸಂಗಗಳೂ ರಾವೂರ ಬಳಿಯ ಕಲ್ಲುಗಣಿಯ ಚಾಚಾ ಅವರವು. ಬಂಡೆ ಎತ್ತುವ ಯಂತ್ರದ ಮೇಲೇ ಗಡ್ಡ ಬೆಳ್ಳಗಾದವರು. ಹೊಸ ಯಂತ್ರ ಬಂದ ದಿನ ಮ್ಯಾನೇಜರ್, "ಇದರಾಗ ಕಂಪ್ಯೂಟರ್ ಡಬ್ಬಿ ಅದ. ಅದರ ಜೋಡಿ ಹೊಂದ್ಕೊಂಡವ್ರಿಗೆ ಸೀಟು, ಇಲ್ದವ್ರಿಗೆ ಗೇಟ್ ಕಾಯೋ ಕೆಲಸ" ಎಂದುಬಿಟ್ಟಿದ್ದರು. ಚಾಚಾಗೆ ಗೇಟು ಬೇಡವಾಗಿತ್ತು.

೧. ಬಕೆಟ್

"ನೀರು, ದೂಳು, ಕುಲುಕಾಟ, ಯಾವುದಕ್ಕೂ ಜಗ್ಗಂಗಿಲ್ರಿ ಚಾಚಾ" ಎಂದು ನಾನೇ ಧೈರ್ಯ ಹೇಳಿದ್ದೆ. ಮೂರನೇ ದಿನ ಫೋನ್ ಬಂತು.

"ಬೇಟಿ, ನೀ ಹೇಳಿದ್ದು ಖರೆ ಅದ. ಡಬ್ಬಿ ಬಿಚ್ಚಿ ನೀರಾಗ ಇಟ್ಟು ನೋಡೀನಿ. ಏನೂ ಆಗಿಲ್ಲ."

"ಎಷ್ಟೊತ್ತು ಇಟ್ಟಿದ್ರಿ?"

"ನಿನ್ನೆಯಿಂದ. ಇನ್ನಾ ಬಕೆಟ್‌ನಾಗೇ ಅದ. ಗಾಡಿ ಯಾಕೋ ಚಾಲೂ ಆಗವಲ್ದು, ಅದಕ್ಕ ಫೋನ್ ಮಾಡೀನಿ."

೨. ಪೂಜೆ

ಆಯುಧಪೂಜೆಯ ಮರುದಿನ ಯಂತ್ರದ ತೋಳು ಏಳಲಿಲ್ಲ. ಪ್ಲಗ್ ಬಿಚ್ಚಿದರೆ ಒಳಗಿನ ಪಿನ್ನುಗಳೆಲ್ಲ ಕೆಂಪು, ಮೇಲೆ ಘಮಘಮ ವಾಸನೆ.

"ಎರಡನೇ ಪಾಳಿಯವ ಕುಂಕುಮ ಹಚ್ಚಿದ. ನಾ ಸುಮ್ನ ಹ್ಯಾಂಗ ಇರ್ಲಿ? ಅತ್ತರ್ ಹಚ್ಚೀನಿ" ಎಂದರು ಚಾಚಾ.

ಬ್ರಷ್ ಹಿಡಿದು ಒಂದೊಂದೇ ಪಿನ್ನು ಉಜ್ಜುತ್ತ ಹೇಳಿದೆ: "ಚಾಚಾ, ಹಣಿಗೆ ಹಚ್ರಿ. ಬಾಯಾಗ ತುಂಬಬ್ಯಾಡ್ರಿ."

ಚಾಚಾ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಹಣಿ ಯಾವ ಕಡಿ ಬರ್ತದ ಬೇಟಿ?"

೩. ತೀರ್ಮಾನ

ಸೀಟಿನ ಕೆಳಗೆ ಸ್ವಿಚ್ ಇರುತ್ತದೆ. ಆಪರೇಟರ್ ಎದ್ದರೆ ಡಬ್ಬಿ ಹೈಡ್ರಾಲಿಕ್ ಬಂದ್ ಮಾಡುತ್ತದೆ, ಎದ್ದ ಹೊತ್ತನ್ನೂ ಬರೆದಿಟ್ಟುಕೊಳ್ಳುತ್ತದೆ. ಅದನ್ನು ನೋಡಿಯೇ ಸೀಟು ಯಾರಿಗೆಂದು ಹೇಳುವುದಾಗಿ ಮ್ಯಾನೇಜರ್ ಸಾರಿದ್ದರು. ಚಾಚಾಗೋ ಮೊಣಕಾಲು ನೋವು. ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಲೇಬೇಕು.

ತಿಂಗಳ ಕೊನೆಗೆ ಡಬ್ಬಿಗೆ ಲ್ಯಾಪ್‌ಟಾಪ್ ಜೋಡಿಸಿ ದಾಖಲೆ ತೆಗೆದೆ. ಬೆಳಿಗ್ಗೆ ಕೂತ ಚಾಚಾ ಸಂಜೆವರೆಗೆ ಎದ್ದಿಲ್ಲ. ಒಂದು ದಿನವೂ ಎದ್ದಿಲ್ಲ.

"ಊಟಕ್ಕೂ ಎದ್ದಿಲ್ಲ ನೋಡ್ರಿ ಮನುಷ್ಯ!" ಮ್ಯಾನೇಜರ್ ದೇವರ ಫೋಟೊಗೆ ತಂದಿದ್ದ ಹಾರವನ್ನು ಚಾಚಾ ಕೊರಳಿಗೆ ಹಾಕಿದರು. ಸೀಟು ಖಾಯಂ.

ವೈರ್ ಬಿಚ್ಚಲು ಕ್ಯಾಬಿನ್ ಹತ್ತಿದೆ. ಸೀಟಿನ ಹಿಂದೆ ಟವೆಲ್ ಸುತ್ತಿದ ದಪ್ಪ ಶಹಾಬಾದ್ ಫರಸಿಕಲ್ಲಿನ ತುಂಡು.

"ನಾ ಇಳಿದಾಗ ಅದು ಕುಂದರ್ತದ" ಎಂದರು ಚಾಚಾ, ಮೆಲ್ಲಗೆ.

"ನೀವು ಕೆಳಗ ನಿಂತಾಗ ತೋಳು ನಿಮ್ಮ ಮ್ಯಾಲೇ ಬಂದ್ರ?" ಎಂದು ಬೈದು ಫರಸಿಯನ್ನು ಕೆಳಗಿಳಿಸಿದೆ. ಮ್ಯಾನೇಜರಿಗೆ ಮೊಣಕಾಲಿನ ವಿಷಯವಷ್ಟೇ ಹೇಳಿದೆ. "ಇಷ್ಟು ದುಡಿಯೋ ಮನುಷ್ಯಾಗ ತಾಸಿಗೊಮ್ಮೆ ಬಿಡುವು ಕೊಡದಿದ್ರ ಹ್ಯಾಂಗ್ರಿ?" ಎಂದು ಅವರೇ ಒಪ್ಪಿದರು.

ಮುಂದಿನ ವಾರ ಹೋದಾಗ ಫರಸಿ ಬೇವಿನ ಮರದ ಕೆಳಗಿತ್ತು. ಅದರ ಮೇಲೆ ಬಾಡಿದ ಹಾರ. ನಾನು ಚಾಚಾ ಕಡೆ ನೋಡಿದೆ.

"ದುಡಿದವ್ರಿಗೇ ಸೇರ್ಬೇಕಲ್ಲ, ಬೇಟಿ" ಎಂದರು.