ಮೆಟ್ಟಿಲ ತಿರುವಿನ ಖಾಯಂ ನಿವಾಸಿ

ಮೊಬೈಲ್ ಕರಾರನ್ನು ಅವಧಿಗೆ ಮೊದಲೇ ಮುಗಿಸಬೇಕೆಂದು ಬೋರ್ಡ್ ಬರೆಯುವ ಪೇಂಟರ್ ಒಂದು ಸೋಮವಾರ ಕಂಪನಿಯ ಕಚೇರಿಗೆ ಹೋದ. ಅಲ್ಲಿ ಎರಡು ಸಾಲುಗಳಿದ್ದವು. ಸೇರುವವರ ಸಾಲಿಗೆ ಮೆತ್ತನೆಯ ಕುರ್ಚಿ, ಫ್ಯಾನು, ಬಿಸಿ ಕಾಫಿ. ಬಿಡುವವರ ಸಾಲಿಗೆ ಗೋಡೆ. ಪೇಂಟರ್ ಗೋಡೆಗೆ ಒರಗಿ ನಿಂತ. ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ನಾವಿಲ್ಲದ ಜಾಗವಿಲ್ಲ' ಎಂದಿತ್ತು. ಬರೆದವನು ಅವನೇ. ಕೂಲಿಯ ಬದಲು ಕಂಪನಿ ಅವನಿಗೆ ಒಂದು ಫೋನು ಮತ್ತು ಎರಡು ವರ್ಷದ ಕರಾರು ಕೊಟ್ಟಿತ್ತು.

ಕೌಂಟರಿನ ಹುಡುಗಿ ನಕ್ಕಳು. ನಗುವುದು ಅವಳ ನೌಕರಿಯ ಷರತ್ತುಗಳಲ್ಲಿ ಒಂದು.

"ಯಾಕೆ ಬಿಡ್ತೀರಿ ಅಂಕಲ್? ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಮನೇಲಿ ಸಿಗ್ನಲ್ ಇಲ್ಲಮ್ಮ."

"ನಾವಿಲ್ಲದ ಜಾಗವಿಲ್ಲ ಅಂತ ನಿಮ್ಮ ಬೆನ್ನ ಹಿಂದೇನೇ ಬರೆದಿದೆಯಲ್ಲ."

"ಬರೆದೋನು ನಾನೇ. ಎದುರು ಬೇಕರಿಗೆ 'ಇಂದಿನ ಬ್ರೆಡ್' ಅಂತ ಬರೆದೋನೂ ನಾನೇ."

ಹುಡುಗಿ ಆ ಬೇಕರಿಯ ಬ್ರೆಡ್ ತಿಂದಿದ್ದಳು. ಮುಂದೆ ವಾದಿಸಲಿಲ್ಲ.

ಪೇಂಟರನಿಗೆ ಅವಸರವಿತ್ತು. ದೂರದ ಊರಿನಲ್ಲಿ ಮಗಳಿಗೆ ದಿನ ತುಂಬಿತ್ತು. ಹೆರಿಗೆಯಾದ ಕೂಡಲೇ ಫೋನ್ ಮಾಡುತ್ತೇನೆಂದು ಅಳಿಯ ಹೇಳಿದ್ದ. ಫೋನು ಮನೆಯಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತಿತ್ತು. ಹೆಂಡತಿ ಅದನ್ನು ಕಿಟಕಿಯಲ್ಲಿಟ್ಟು ನೋಡಿದ್ದಳು, ಕಪಾಟಿನ ಮೇಲಿಟ್ಟು ನೋಡಿದ್ದಳು. ಒಮ್ಮೆ ಸಿಟ್ಟು ಬಂದು ಅಕ್ಕಿ ಡಬ್ಬದೊಳಗೂ ಇಟ್ಟಿದ್ದಳು. ಬೇರೆ ಕಂಪನಿಯ ಫೋನು ತರುವ ಹಾಗಿರಲಿಲ್ಲ. 'ಒಂದು ಮನೆ, ಒಂದು ಕಂಪನಿ' ಎಂದು ಕರಾರಿನಲ್ಲಿತ್ತು. ಬಿಡುಗಡೆಯಾಗದ ಗ್ರಾಹಕನನ್ನು ಉಳಿದ ಕಂಪನಿಗಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಂಪನಿಗಳ ನಡುವೆ ಅಷ್ಟರಮಟ್ಟಿಗೆ ಮಾನಮರ್ಯಾದೆ ಇತ್ತು.

"ಅವಧಿಗೆ ಮುಂಚೆ ಬಿಡೋಕೆ ಮೂರೇ ಕಾರಣ ಅಂಕಲ್," ಎಂದಳು ಹುಡುಗಿ. "ಒಂದು, ಗ್ರಾಹಕರು ತೀರ್ಕೊಂಡಿರಬೇಕು."

"ಅದು ಈಗ ಬೇಡ."

"ಅದಕ್ಕೆ ಅವರೇ ಬಂದು ಸಹಿ ಹಾಕಬೇಕು. ಹಾಗಾಗಿ ಯಾರೂ ತಗೊಳ್ಳಲ್ಲ. ಎರಡು, ಮನೇಲಿ ಸಿಗ್ನಲ್ ಇಲ್ಲ ಅಂತ ನಮ್ಮ ತಪಾಸಣಾಧಿಕಾರಿ ಹೇಳಬೇಕು. ಮೂರು, ಗ್ರಾಹಕರು ಸಿಗ್ನಲ್ ಇಲ್ಲದ ಕಡೆಗೆ ಮನೆ ಬದಲಾಯಿಸಬೇಕು."

"ಎರಡನೇದು ಕೊಡು."

ತಪಾಸಣಾಧಿಕಾರಿ ಬಂದ. ಸಜ್ಜನ. ಚಪ್ಪಲಿಯನ್ನು ಹೊರಗೇ ಬಿಟ್ಟ. ಫೋನು ಹಿಡಿದು ನಡುಮನೆಯಲ್ಲಿ ನಿಂತ, ಅಡುಗೆಮನೆಯಲ್ಲಿ ನಿಂತ, ಕೇಳಿಕೊಂಡು ಮಂಚದ ಮೇಲೂ ನಿಂತ. ಸಿಗ್ನಲ್ ಇಲ್ಲವೆಂದು ಒಪ್ಪಿದ. ಪೇಂಟರನ ಹೆಂಡತಿ ಸಂತೋಷದಿಂದ ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟಳು.

ಆದರೆ ನಿಯಮವೊಂದಿತ್ತು. ತಪಾಸಣೆಯ ಫಲಿತಾಂಶವನ್ನು ಗ್ರಾಹಕನ ನಿವಾಸದಿಂದಲೇ, ಕಂಪನಿಯ ಫೋನಿನ ಮೂಲಕವೇ ಕಚೇರಿಗೆ ತಿಳಿಸತಕ್ಕದ್ದು.

ಅಧಿಕಾರಿ ಫೋನು ಒತ್ತಿದ. ಮತ್ತೆ ಒತ್ತಿದ.

"ಹೋಗ್ತಿಲ್ಲ ಯಜಮಾನ್ರೇ."

"ಹೋಗಲ್ಲ ಅಂತಾನೇ ತಾನೆ ಸ್ವಾಮಿ ನೀವು ಹೇಳಬೇಕಾಗಿರೋದು?"

"ಹೌದು. ಅದನ್ನ ಹೇಳೋಕಾದ್ರೂ ಹೋಗಬೇಕಲ್ಲ."

ಅಧಿಕಾರಿ ಫೋನು ಹಿಡಿದು ಬೀದಿಗಿಳಿದ. ಎದುರಿನದು ಹಾಡು ಕಲಿಸುವ ಟೀಚರ ಮನೆ. ಮನೆ ಮಹಡಿಯ ಮೇಲೆ, ಮೆಟ್ಟಿಲು ಹೊರಗೆ. ಮೆಟ್ಟಿಲು ಅರ್ಧಕ್ಕೆ ಬಂದು ತಿರುಗುವ ಕಡೆ ಒಂದು ದೊಡ್ಡ ಚಾಪೆ ಹಿಡಿಸುವಷ್ಟು ಜಾಗ. ಅಲ್ಲಿ ಒಂದು ಹೂವಿನ ಕುಂಡ, ಕಾಲು ಮುರಿದ ಸ್ಟೂಲು, ಶಿಷ್ಯೆಯರ ಚಪ್ಪಲಿ. ಅಧಿಕಾರಿ ಅಲ್ಲಿಗೆ ಹತ್ತಿದ್ದೇ ತಡ, ಫೋನಿಗೆ ಜೀವ ಬಂತು.

"ಸರ್, ಗ್ರಾಹಕರ ನಿವಾಸದಿಂದಲೇ ಮಾತಾಡ್ತಿದೀರಾ?" ಎಂದು ಆ ಕಡೆಯಿಂದ ಕೌಂಟರಿನ ಹುಡುಗಿ ಕೇಳಿದಳು.

ನಿಯಮದ ಪ್ರಕಾರ ಬೇರೆ ಕಡೆಯಿಂದ ಮಾತಾಡುವಂತಿರಲಿಲ್ಲ. ಅಧಿಕಾರಿ ಹೌದೆಂದ.

"ನಿಮ್ಮ ಧ್ವನಿ ಗಂಟೆ ಹೊಡೆದ ಹಾಗೆ ಕೇಳ್ತಿದೆ ಸರ್. ಸಿಗ್ನಲ್ ಅತ್ಯುತ್ತಮ ಅಂತ ಬರ್ಕೊಂಡೆ."

ಕಚೇರಿಯ ಯಂತ್ರ ಕರೆ ಬಂದ ಸ್ಥಳವನ್ನು ತಾನಾಗಿಯೇ ಗುರುತು ಹಾಕಿಕೊಂಡಿತು. ಗ್ರಾಹಕನ ನಿವಾಸ: ಎದುರು ಮನೆಯ ಮೆಟ್ಟಿಲ ತಿರುವು.

ಫೋನ್ ಕಂಪನಿಯಲ್ಲಿರುವ ವಿಳಾಸವೇ ಆ ಊರಿನ ಎಲ್ಲ ಕಚೇರಿಗಳಿಗೂ ವಿಳಾಸ. ಅಡುಗೆ ಅನಿಲದ ಸಿಲಿಂಡರ್ ಬಂತು. ತಂದವನು ಅದನ್ನು ಮೆಟ್ಟಿಲ ತಿರುವಿನಲ್ಲಿ, ಹೂಕುಂಡದ ಪಕ್ಕ ಇಳಿಸಿ ಹೋದ. ಮನೆ ತೆರಿಗೆಯವನು ಬಂದು ತಿರುವನ್ನು ಅಳೆದ.

ಟೀಚರು ಮೇಲಿಂದ ದಡದಡ ಇಳಿದು ಬಂದರು.

"ಇದು ನನ್ನ ಮೆಟ್ಟಿಲು ಕಣ್ರೀ! ಅಳೆಯೋಕೆ ನೀವ್ಯಾರು?"

"ಇನ್ಮೇಲೆ ಈ ಜಾಗದ ತೆರಿಗೆ ಪೇಂಟರ್ ಕಟ್ತಾರೆ ಮೇಡಂ."

ಟೀಚರು ಸ್ವಲ್ಪ ಯೋಚಿಸಿದರು. "ಕೆಳಗಿನ ಮೆಟ್ಟಿಲುಗಳನ್ನೂ ಅವರ ಲೆಕ್ಕಕ್ಕೇ ಹಾಕ್ಕೊಳ್ಳಿ. ಹತ್ತೋಕೆ ಅವರಿಗೂ ಬೇಕಲ್ಲ," ಎಂದು ಒಳಗೆ ಹೋದರು.

ಮರುದಿನ ಲೈನ್‌ಮನ್ ಬಂದು ಪೇಂಟರನ ಮನೆಯ ಕರೆಂಟು ಕಿತ್ತ. ಬಾಗಿಲಿಗೆ ಪ್ರಕಟಣೆ ಅಂಟಿಸಿದ: 'ಸದರಿ ಮನೆಯಲ್ಲಿ ಯಾರೂ ವಾಸವಿಲ್ಲದ ಕಾರಣ, ಸದರಿ ಮನೆಗೆ ಬೆಳಕಿನ ಅಗತ್ಯ ಇರುವುದಿಲ್ಲ. ಆಕ್ಷೇಪಣೆ ಇದ್ದಲ್ಲಿ ಸದರಿ ಮನೆಯ ನಿವಾಸಿಗಳು ತಿಳಿಸುವುದು.'

"ಒಳಗೆ ನಾವೇ ಇದ್ದೀವಲ್ಲಪ್ಪ!" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ನನಗೆ ಕಾಣ್ತಿದೀರಮ್ಮ. ಕಚೇರಿಗೆ ಕಾಣಬೇಕಲ್ಲ."

ಹೀಗೆ ಪೇಂಟರ್ ಮತ್ತು ಅವನ ಹೆಂಡತಿ ಮೆಟ್ಟಿಲ ತಿರುವಿಗೆ ಬಂದರು. ಚಾಪೆ, ಒಲೆ, ನಾಲ್ಕು ಪಾತ್ರೆ, ಬಣ್ಣದ ಡಬ್ಬಗಳು. ಟೀಚರ ಹೊರದೀಪದ ಬೆಳಕು ಬೀಳುತ್ತಿತ್ತು. ಶಿಷ್ಯೆಯರು ಲಂಗ ಎತ್ತಿಕೊಂಡು ಪಾತ್ರೆ ದಾಟಿ ಹೋಗುತ್ತಿದ್ದರು. ದಾಟುವಾಗ ಸಾರಿನ ವಾಸನೆ ಹಿಡಿದು, "ಆಂಟಿ, ಇವತ್ತು ಉಪ್ಪು ಕಮ್ಮಿ," ಎನ್ನುತ್ತಿದ್ದರು. ಪೇಂಟರ್ ಸುಮ್ಮನೆ ಕೂರಲಾರದೆ ಒಂದು ಹಲಗೆಯ ಮೇಲೆ 'ಮೆಟ್ಟಿಲ ತಿರುವು' ಎಂದು ಬರೆದು ನೇತುಹಾಕಿದ. ಅಕ್ಷರಗಳ ಬದಿಗೆ ಬಣ್ಣದ ನೆರಳು ಕೊಟ್ಟು ಬರೆದಿದ್ದ. ಚೆನ್ನಾಗಿ ಬಂದಿದ್ದವು.

"ಗಾಳಿ ಚೆನ್ನಾಗಿದೆ ರೀ," ಎಂದಳು ಹೆಂಡತಿ. "ಫೋನೂ ಬರುತ್ತೆ. ಅಲ್ಲ, ಮಗಳು ಕೂಸು ಎತ್ಕೊಂಡು ತೌರಿಗೆ ಬಂದ್ರೆ ಎಲ್ಲಿ ಮಲಗಿಸ್ತೀರಿ? ಸಿಲಿಂಡರ್ ಮೇಲಾ?"

ಅದೇ ಪೇಂಟರನನ್ನೂ ಕೊರೆಯುತ್ತಿತ್ತು. ವಿಳಾಸ ಫೋನಿನ ಹಿಂದೆ ಹೋಗಿತ್ತು. ಫೋನು ಬಿಟ್ಟರೆ ಮಾತ್ರ ಮನೆ ವಾಪಸು.

"ಆ ಕೌಂಟರಿನ ಹುಡುಗಿ ಮೂರನೇ ಕಾರಣ ಏನಂದ್ಳು?" ಎಂದು ಹೆಂಡತಿ ಕೇಳಿದಳು.

"ಸಿಗ್ನಲ್ ಇಲ್ಲದ ಕಡೆ ಮನೆ ಬದಲಾಯಿಸಬೇಕಂತೆ."

"ಅಂಥ ಮನೆ ಎಲ್ಲಿ ಸಿಗುತ್ತೆ?"

ಇಬ್ಬರೂ ಒಮ್ಮೆಗೇ ಬೀದಿಯಾಚೆ ನೋಡಿದರು. ಅವರ ಮನೆ ಕತ್ತಲಲ್ಲಿ ಖಾಲಿ ನಿಂತಿತ್ತು.

ಮನೆ ಬದಲಾಯಿಸಲು ಬಾಡಿಗೆ ಒಪ್ಪಂದ ಬೇಕು. ಮನೆ ಇದ್ದದ್ದು ಹೆಂಡತಿಯ ಹೆಸರಿನಲ್ಲಿ, ಅವಳಪ್ಪ ಕೊಟ್ಟದ್ದು. ಪೇಂಟರ್ ಅವಳ ಮುಂದೆ ಸ್ಟೂಲಿನ ಮೇಲೆ ಕೂತ. ಮುರಿದ ಕಾಲಿನ ಕೆಲಸವನ್ನು ಅವನೇ ಮಾಡಬೇಕಾಗಿತ್ತು.

"ಎಷ್ಟು ಜನ ಇರ್ತೀರಿ?" ಎಂದಳು ಅವಳು.

"ನಾನು, ನನ್ನ ಹೆಂಡತಿ."

"ಹೆಂಡತಿ ಹೇಗೆ?"

"ಬಾಯಿ ಸ್ವಲ್ಪ ಜೋರು."

"ಹಾಗಾದ್ರೆ ಮನೆ ಖಾಲಿ ಇಲ್ಲ."

"ಕೈರುಚಿ ಚೆನ್ನಾಗಿದೆ."

"ನೋಡೋಣ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಒದ್ದೆ ಟವೆಲ್ ಬಾಗಿಲ ಮೇಲೆ ಹಾಕೋ ಹಾಗಿಲ್ಲ."

"ಎಲ್ಲ ಬಾಡಿಗೆದಾರರಿಗೂ ಹೀಗೇನಾ?"

"ಹಿಂದೆ ಇದ್ದೋನು ಹಾಕಿ ಹಾಕಿ ಬಾಗಿಲು ಉಬ್ಬಿದೆ. ಒಳ್ಳೇ ಮಾತಲ್ಲಿ ಹೇಳಿದೆ, ಕೇಳಲಿಲ್ಲ. ಈಗ ಬರೆಸ್ಕೊಳ್ತೀನಿ."

ಪೇಂಟರ್ ಸಹಿ ಹಾಕಿದ. ಮದುವೆಯಾದ ಮೇಲೆ ಅವಳು ಗೆದ್ದ ವಾದಗಳಲ್ಲಿ ಲಿಖಿತವಾಗಿ ಸಿಕ್ಕಿದ್ದು ಅದೊಂದೇ.

ತಪಾಸಣಾಧಿಕಾರಿ ಮತ್ತೆ ಬಂದ. ಈ ಸಲದ ನಿಯಮ ಸುಲಭ. ಅಧಿಕಾರಿ ಹಳೆಯ ನಿವಾಸದಲ್ಲಿ ನಿಂತು ಕರೆ ಮಾಡಬೇಕು. ಗ್ರಾಹಕ ಹೊಸ ನಿವಾಸದಲ್ಲಿ ನಿಂತಿರಬೇಕು. ಫೋನು ಬಡಿದುಕೊಳ್ಳಬಾರದು.

ಪೇಂಟರ್ ಫೋನು ಹಿಡಿದು ಮನೆಗೆ ಹೋಗಿ ಕಿಟಕಿಯಲ್ಲಿ ನಿಂತ. ಅಧಿಕಾರಿ ತಿರುವಿನಲ್ಲಿ ನಿಂತು ನಂಬರ್ ಒತ್ತಿದ. ಟೀಚರು ಪಾಠ ನಿಲ್ಲಿಸಿ ಶಿಷ್ಯೆಯರೊಂದಿಗೆ ಮೆಟ್ಟಿಲ ಮೇಲೆ ಸಾಲಾಗಿ ಕೂತರು. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದು ಹೆಣ್ಣುದನಿಯೊಂದು ಹೇಳಿತು. ಅಧಿಕಾರಿ ಅದನ್ನು ಎಲ್ಲರಿಗೂ ಕೇಳಿಸಿದ. ಶಿಷ್ಯೆಯರು ಚಪ್ಪಾಳೆ ಹೊಡೆದರು. ಪೇಂಟರ್ ಕಿಟಕಿಯಿಂದ ಕೈ ಮುಗಿದ.

ಬಿಡುಗಡೆಯ ಕಾಗದಕ್ಕೆ ಅಲ್ಲಿಯೇ ಮೊಹರು ಬಿತ್ತು. ಪೇಂಟರ್ ಬೀದಿ ದಾಟಿ, ಮೆಟ್ಟಿಲು ಹತ್ತಿ ಬಂದು ಫೋನನ್ನು ಅಧಿಕಾರಿಯ ಕೈಗಿಟ್ಟ. ಕೈಗಿಟ್ಟ ಕೂಡಲೇ ಅದು ಬಡಿದುಕೊಂಡಿತು.

"ಅಳಿಯಂದಿರು!" ಎಂದು ಹೆಂಡತಿ ಕೈ ಚಾಚಿದಳು.

ಅಧಿಕಾರಿ ಫೋನನ್ನು ಎದೆಗೊತ್ತಿಕೊಂಡ. "ಕ್ಷಮಿಸಬೇಕು ಅಮ್ಮ. ಈಗ ಇದು ಕಂಪನಿಯ ಫೋನು. ಬಂದ ಕರೆ ಕಂಪನಿಯ ಕರೆ." ಆಮೇಲೆ ಕಿವಿಗಿಟ್ಟುಕೊಂಡ. "ನಮಸ್ಕಾರ, ಕಂಪನಿಯ ಪರವಾಗಿ ಮಾತಾಡ್ತಿದೀನಿ. ಹೌದಾ... ಯಾವಾಗ?... ಓಹೋ... ಸರಿ ಸರಿ. ಇಡಲಾ?" ಇಟ್ಟ.

"ಏನಂತೆ?" ಎಂದರು ಇಬ್ಬರೂ.

"ಕರೆಯ ವಿವರ ಗ್ರಾಹಕರಿಗೆ ಮಾತ್ರ. ನೀವು ಹೊರಗಿನವರು."

"ಅಯ್ಯೋ, ಐದು ನಿಮಿಷದ ಹಿಂದೆ ಗ್ರಾಹಕನೇ ಆಗಿದ್ದೆನಲ್ಲ ಸ್ವಾಮಿ!"

"ನಾನೇ ಮೊಹರು ಒತ್ತಿದೆ ಯಜಮಾನ್ರೇ. ನೀವೂ ನೋಡಿದಿರಿ."

ಟೀಚರು ತಮ್ಮ ಫೋನು ತಂದರು. "ಬಿಡಿ ಇವರನ್ನ. ಅಳಿಯನ ನಂಬರ್ ಹೇಳಿ ಅಣ್ಣ, ನಾನು ಮಾಡ್ತೀನಿ."

ಪೇಂಟರ್ ಒಂಬತ್ತು ಎಂದ, ಮುಂದಿನದು ನೆನಪಾಗಲಿಲ್ಲ. ಊರಿನ ಅರ್ಧ ಅಂಗಡಿಗಳ ಫೋನ್ ನಂಬರನ್ನು ಬೋರ್ಡಿನ ಮೇಲೆ ಬರೆದವನು ಅವನು. ಈಗ ಬೇಕಾದರೂ ಸಿಮೆಂಟ್ ಅಂಗಡಿಯದನ್ನು ಬಾಯಿಪಾಠ ಒಪ್ಪಿಸಬಲ್ಲ. ಅಳಿಯನದು ಮಗಳದು ಎರಡೂ ಆ ಫೋನಿನೊಳಗಿದ್ದವು.

"ಗಂಡೋ ಹೆಣ್ಣೋ ಬೇಡಪ್ಪ," ಎಂದಳು ಹೆಂಡತಿ. "ಚೆನ್ನಾಗಿದ್ದಾಳಾ ಅಷ್ಟು ಹೇಳು. ಬಾಯಲ್ಲಿ ಬೇಡ, ಸ್ವಲ್ಪ ನಗು ಸಾಕು."

ಅಧಿಕಾರಿ ಗೋಡೆಯ ಕಡೆ ತಿರುಗಿ ನಿಂತ. "ಮುಖದ ಮೂಲಕ ಮಾಹಿತಿ ಕೊಡೋದೂ ನಿಷಿದ್ಧ ಅಮ್ಮ." ಗೋಡೆಗೇ ಮುಖ ಮಾಡಿ ಚೀಲದಿಂದ ಹೊಸ ಕರಾರು ತೆಗೆದು, ಕೈ ಹಿಂದಕ್ಕೆ ಚಾಚಿದ. "ಗ್ರಾಹಕರಾದ್ರೆ ಈಗಲೇ ಹೇಳಬಹುದು. ನಾಲ್ಕು ವರ್ಷದ್ದು."

"ಸಹಿ ಹಾಕ್ರೀ!"

"ಲೇ, ನಾಲ್ಕು ವರ್ಷ ಕಣೇ."

"ನಿಮ್ಮ ಜೊತೆ ಮೂವತ್ತು ವರ್ಷ ಇಲ್ವಾ ನಾನು? ಹಾಕ್ರೀ!"

ಸಿಗ್ನಲ್ ಇಲ್ಲದ ವಿಳಾಸಕ್ಕೆ ಹೊಸ ಕರಾರು ಕೊಡುವಂತಿರಲಿಲ್ಲ. ಪೇಂಟರ್ ವಿಳಾಸದ ಜಾಗದಲ್ಲಿ 'ಮೆಟ್ಟಿಲ ತಿರುವು' ಎಂದು ಬರೆದು ಸಹಿ ಹಾಕಿದ. ನೆರಳು ಕೊಡಲು ಪುರುಸೊತ್ತಿರಲಿಲ್ಲ.

ಅಧಿಕಾರಿ ತಿರುಗಿದ. ಅವನ ಮುಖ ಊರಗಲವಾಗಿತ್ತು. ಪಾಪ, ಅಷ್ಟು ಹೊತ್ತು ನಗು ಹಿಡಿದುಕೊಂಡಿದ್ದ.

"ಹೆಣ್ಣು ಮಗು! ತಾಯಿ ಮಗು ಇಬ್ಬರೂ ಆರಾಮ. ಕೂಸು ಅಜ್ಜಿ ಹಾಗೇ ಇದೆಯಂತೆ. ಆಸ್ಪತ್ರೆಯವರೆಲ್ಲ ಕಿವಿ ಮುಚ್ಕೊಂಡಿದಾರಂತೆ."

ಹೆಂಡತಿ ಅತ್ತಳು, ನಕ್ಕಳು, ಅಧಿಕಾರಿಯ ಬೆನ್ನಿಗೊಂದು ಗುದ್ದಿದಳು. ಟೀಚರು ಹಾಡಿದರು. ಸೇರುವವರಿಗೆ ಕೊಡಬೇಕಾದ ಕಾಫಿಯನ್ನು ಅಧಿಕಾರಿ ಕಂಪನಿಯ ಖರ್ಚಿನಲ್ಲಿ ತರಿಸಿದ.

ಮಗಳು ಕೂಸಿನೊಂದಿಗೆ ಬಂದಳು. ಪೇಂಟರ್ ತಿರುವಿಗೆ ತಗಡಿನ ಮಾಡು ಹಾಕಿ, ಸುತ್ತ ಮರೆ ಕಟ್ಟಿದ್ದ. ತೊಟ್ಟಿಲನ್ನು ಟೀಚರ ಮೆಟ್ಟಿಲ ಕಂಬಿಗೆ ಕಟ್ಟಿದರು. ಹಾಡು ನಿಂತರೆ ಕೂಸು ಏಳುತ್ತದೆ. ಹಾಗಾಗಿ ಟೀಚರು ಪಾಠದ ಸಮಯ ಹೆಚ್ಚಿಸಿದ್ದಾರೆ, ಫೀಸೂ ಹೆಚ್ಚಿಸಿದ್ದಾರೆ. ಶಿಷ್ಯೆಯರು ದಾಟುವಾಗ ತೊಟ್ಟಿಲನ್ನು ಒಂದೊಂದು ಸಲ ತೂಗಿ ಹೋಗುತ್ತಾರೆ.

ಖಾಲಿ ಮನೆಯನ್ನು ಹೆಂಡತಿ ತಪಾಸಣಾಧಿಕಾರಿಗೆ ಬಾಡಿಗೆಗೆ ಕೊಟ್ಟಳು. ಕಚೇರಿಯ ಫೋನು ತಲುಪದ ಮನೆ ಬೇಕೆಂದು ಅವನು ಬಹಳ ದಿನದಿಂದ ಹುಡುಕುತ್ತಿದ್ದನಂತೆ. ಅವನು ಒದ್ದೆ ಟವೆಲನ್ನು ಬಾಗಿಲ ಮೇಲೆ ಹಾಕುವುದಿಲ್ಲ.