ಮುಟ್ಟಿ ನೋಡುವ ಅರ್ಥ

ನಮ್ಮ ಮಾಮುವಿಗೆ ಹೆದರಿ ಹೊನ್ನಾಳಿಯ ಜೇನುಹುಳಗಳು ಊರು ಬಿಟ್ಟಿವೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಅವರ ಆಸರೆಯಲ್ಲಿ ನಮ್ಮ ಮನೆಯ ಜೇಡಗಳು ಕೊಬ್ಬಿವೆ, ಅದನ್ನಾದರೂ ನಂಬಿ!

ತಪ್ಪು ನಾನಿಯದು. ನಾನಿ ಎಂದರೆ ನನ್ನ ಅಮ್ಮನ ತಾಯಿ. ಮಾಮು ಅವರ ಒಬ್ಬನೇ ಮಗ. ಜೀವಮಾನವೆಲ್ಲ ಅರ್ಥ ತಿಳಿಯದೆಯೇ ಕುರಾನ್ ಓದಿದವರು ನಾನಿ. ಕಣ್ಣು ಪೂರ್ತಿ ಹೋದ ಮೇಲೆ ಒಂದು ದಿನ ಮಗನಿಗೆ ಅಂದರು: "ಬಾಯಿಪಾಠ ಐತೆ, ಅರ್ಥ ಇಲ್ಲ ಕಣೋ. ಸಾಯೋದ್ರೊಳಗೆ ಅಷ್ಟು ತಿಳಿಸಿಬಿಡು."

ಬೇರೆಯವರಾಗಿದ್ದರೆ ಕನ್ನಡದ ಅನುವಾದ ತಂದು ಓದಿ ಮುಗಿಸುತ್ತಿದ್ದರು. ಆದರೆ ಮಾಮುದು ಬಟ್ಟೆ ಅಂಗಡಿ! "ಮುಟ್ಟಿ ನೋಡದೆ ಯಾರಾದ್ರೂ ಸೀರೆ ತಗಂತಾರೇನು? ಮಾತೂ ಹಂಗೇ," ಎಂದವರೇ, ಗಿಡ, ಹಣ್ಣು, ಹುಳ, ಯಾವುದರ ಹೆಸರು ಬಂದರೂ ಅದನ್ನೇ ತಂದು ನಾನಿಯ ಕೈಗೆ ಕೊಡುವ ಹಟ ಹಿಡಿದರು.

ಜೇಡ ಬಂತು. ನಾನಿ ಬಲೆ ಮುಟ್ಟುವ ತನಕ ಯಾರೂ ಪೊರಕೆ ಮೇಲೆತ್ತಬಾರದೆಂದು ಹುಕುಂ ಆಯಿತು.

"ಎಲ್ಲಕ್ಕಿಂತ ದುರ್ಬಲವಾದ ಮನೆ ಜೇಡಂದು ಅಂತ ಐತೆ, ಗೊತ್ತೇನು?"

"ಈಗ ನಂದು ಅದಕ್ಕಿಂತ ಕಡೆ ಆಗೈತೆ," ಅಂದರು ಮಾಮಿ.

ಆಮೇಲೆ ಇರುವೆ. ಕುರಾನಿನಲ್ಲಿ ಪ್ರವಾದಿ ಸುಲೈಮಾನರ ಸೈನ್ಯ ಬರುವುದನ್ನು ಕಂಡು, ಎಲ್ಲರೂ ಗೂಡು ಸೇರಿಕೊಳ್ಳಿ ಎಂದು ಇರುವೆಯೊಂದು ಕೂಗಿತಲ್ಲ, ಅದಕ್ಕಾಗಿ ನಡುಮನೆಯಲ್ಲಿ ಬೆಲ್ಲ ಸುರಿದರು. ಇರುವೆಗಳು ಬಂದವು. ಹಿಂದೆಯೇ ಪೊರಕೆ ಹಿಡಿದು ಮಾಮಿಯೂ ಬಂದರು. ಇರುವೆಗಳಿಗಿಂತ ಮೊದಲು ಮಾಮು ಗೂಡು ಸೇರಿದರು, ಅಂದರೆ ಅಂಗಡಿ!

ಜೇನಿನ ಕಥೆ ಕೇಳಲೇಬೇಡಿ. ನಾನಿಯ ನಾಲಿಗೆಗೆ ತುಪ್ಪವೇನೋ ಬಿತ್ತು. ಆದರೆ ಮರುದಿನ ಅಂಗಡಿಗೆ ಬಂದ ಗಿರಾಕಿಗಳು ಮಾಮುವಿನ ಊದಿದ ಮುಖ ನೋಡಿ, "ಸಾಹುಕಾರ್ರು ಎಲ್ಲಿಗೆ ಹೋಗ್ಯಾರೆ?" ಎಂದು ಅವರನ್ನೇ ಕೇಳಿದರು.

ಇತ್ತ ನಾನಿ ಸೊರಗುತ್ತಿದ್ದರು. ನನಗೆ ಸಿಟ್ಟು ಬಂತು. "ಬಾಯಲ್ಲಿ ಹೇಳಿ ಮುಗಿಸ್ರಿ ಮಾಮು, ನಾನಿ ಹತ್ರ ಅಷ್ಟು ಟೈಮಿಲ್ಲ!" ಎಂದೆ. ಮಾಮು ಕೇಳಿಸದವರಂತೆ ಸೀರೆ ಮಡಚುತ್ತಾ ಕೂತರು.

ಆಗ ಬಂತು ನೋಡಿ ಸಮುದ್ರ! ಕುರಾನಿನಲ್ಲಿರುವುದು ಒಂದಲ್ಲ, ಎರಡು. ಒಂದು ಸಿಹಿ, ಒಂದು ಉಪ್ಪು. ಮಂಗಳೂರಿನ ತನಕ ಹೋಗುವ ತ್ರಾಣ ನಾನಿಗೆಲ್ಲಿತ್ತು? ಮಾಮು ಬಾಡಿಗೆ ಕಾರು ತಂದರು. ದಿಂಬುಗಳ ನಡುವೆ ನಾನಿಯನ್ನು ಕೂರಿಸಿಕೊಂಡು, ಸಿಹಿದಾದರೂ ಆಗಲೆಂದು ಹತ್ತಿರದ ಸೂಳೆಕೆರೆಗೆ ಹೋದೆವು.

ಮಾಮು ತಾಯಿಯನ್ನು ಎತ್ತಿಕೊಂಡು ಹೋಗಿ ನೀರಂಚಿನ ಕಲ್ಲಿನ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತರು. ಅಲೆ ಬಂದು ನಾನಿಯ ಪಾದ ತೊಳೆಯಿತು. ಅವರು ಬೊಗಸೆಯಲ್ಲಿ ನೀರೆತ್ತಿ ತುಟಿಗೆ ತಾಗಿಸಿಕೊಂಡರು.

"ಆ ಕಡೆ ದಡ ಕಾಣ್ತತೇನೋ?"

"ಇಲ್ಲಮ್ಮಾ, ಬರೇ ನೀರು."

ಸುಳ್ಳು! ಎದುರಿನ ಗುಡ್ಡ ಸ್ಪಷ್ಟವಾಗಿ ಕಾಣುತ್ತಿತ್ತು. ನಾನೂ ಹೂಂಗುಟ್ಟಿದೆ.

"ಕಣ್ಣಿದ್ದಾಗ ನಾನು ಇಷ್ಟು ನೋಡಿರ್ಲಿಲ್ಲ ಕಣೋ," ಅಂದರು ನಾನಿ. "ಸಿಹಿದು ಆತು. ಉಪ್ಪಿಂದು ಎಲ್ಲೈತೆ?"

ನಾನಿ ಸೆರಗಿಗೆ ಕೈ ಒರೆಸಿಕೊಂಡು, ತಡಕಾಡಿ ಮಗನ ಕೆನ್ನೆ ಮುಟ್ಟಿದರು. ಆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ನಕ್ಕರು.

"ಅದೂ ಸಿಕ್ತು ಬಿಡು. ಮುಂದಿಂದು ಹೇಳು."