ಕೇಳಿಸ್ತಾ ಸಾರ್ ಇಟ್ಟ ನೆಟ್ ಮೀಟರು

ಒಂದು ನೆಟ್ ಕನೆಕ್ಷನ್ನಿಗೆ ಮೂರು ಮನೆ ಜೋತುಬಿದ್ದರೆ ಏನಾಗುತ್ತದೆ? ಮೂರು ಜನ ಒಂದೇ ಕಂಬಳಿ ಹೊದ್ದ ಹಾಗೆ. ಒಬ್ಬ ಎಳೆದುಕೊಂಡರೆ ಇನ್ನೊಬ್ಬನ ಕಾಲು ಹೊರಗೆ. ಆ ಕಟ್ಟಡದಲ್ಲಿ ಸದಾ ಕಾಲು ಹೊರಗಿದ್ದವರು ನಡುಮಹಡಿಯ ಗುಮಾಸ್ತರು. ಮನೆಯಿಂದಲೇ ಆಫೀಸಿನ ಕೆಲಸ. ದಿನವಿಡೀ ಲ್ಯಾಪ್‌ಟಾಪಿನ ಮುಂದೆ "ಹಲೋ, ಕೇಳಿಸ್ತಾ? ಕೇಳಿಸ್ತಾ?" ಎಂದು ಅರಚಿ ಅರಚಿ ಅವರ ಹೆಸರೇ ಕೇಳಿಸ್ತಾ ಸಾರ್ ಎಂದಾಗಿತ್ತು.

ಅವತ್ತು ಬೆಳಿಗ್ಗೆ ಮ್ಯಾನೇಜರ್ ಫೋನಿನಲ್ಲೇ ಗುಡುಗಿದರು. "ನೋಡ್ರೀ, ಸಂಜೆ ನಾಲ್ಕಕ್ಕೆ ದೊಡ್ಡ ಸಾಹೇಬರ ಮೀಟಿಂಗು. ನಿಮ್ಮ ಮುಖ ಮತ್ತೆ ಬಾಯಿ ತೆರೆದ ಹಾಗೇ ಕಲ್ಲಾಗಿ ನಿಂತ್ರೆ, ನಾಳೆಯಿಂದ ದಿನಾ ಆಫೀಸಿಗೇ ಬಂದು ಕೂತ್ಕೋಬೇಕು. ತಿಳೀತಾ?"

ಸಾರ್‌ಗೆ ಆಫೀಸೆಂದರೆ ಎರಡು ಬಸ್ಸು, ನಡುವೆ ಒಂದು ಓಟ, ಯಾರದೋ ಕಂಕುಳಡಿ ಮುಖವಿಟ್ಟು ನಿಲ್ಲುವ ಭಾಗ್ಯ! ಅದು ತಪ್ಪಿದ ಮೇಲೇ ಅವರು ಮನುಷ್ಯರಾಗಿದ್ದರು. ಕೂಡಲೇ ಕಂಪ್ಯೂಟರ್ ಬಲ್ಲ ಭಾಮೈದನಿಗೆ ಫೋನು ಹಚ್ಚಿ, ಅವನು ಹೇಳಿದಂತೆ ಅಲ್ಲಿ ಇಲ್ಲಿ ಒತ್ತಿ, ಲ್ಯಾಪ್‌ಟಾಪಿನಲ್ಲಿ ಒಂದು ಮೀಟರು ಕೂರಿಸಿದರು. ಪರದೆಯ ಮೇಲೆ ಮೂರು ಪಟ್ಟಿ. ಯಾವ ಮನೆ ನೆಟ್ಟನ್ನು ಹೆಚ್ಚು ಎಳೆಯುತ್ತದೋ ಅದರ ಪಟ್ಟಿ ಉದ್ದ. ಮೇಲಿನ ಮನೆಯ ಕೆಂಪು, ಕೆಳಗಿನ ಮನೆಯ ಹಸಿರು ನಾಚಿಕೆಯಿಲ್ಲದೆ ಬೆಳೆದಿದ್ದವು. ಇವರ ನೀಲಿ ಪಟ್ಟಿ ಉಗುರಿನಷ್ಟಿತ್ತು.

ಸಾರ್ ಮೆಟ್ಟಿಲ ಮೇಲೆ ನಿಂತು ಎರಡೂ ಮನೆಗೆ ಕೇಳುವಂತೆ ಕೂಗಿದರು. "ನೆಟ್ಟಿಗೆ ಮೀಟರ್ ಇಟ್ಟಿದೀನಿ! ಯಾರ ಮನೇಲಿ ಏನು ನಡೀತಿದೆ, ಎಲ್ಲಾ ಕಾಣ್ತಿದೆ ನಂಗೆ!"

ಕಾಣುತ್ತಿದ್ದದ್ದು ಪಟ್ಟಿಯ ಉದ್ದ ಮಾತ್ರ, ಪಾಪ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಬರವೇ?

ಮೊದಲು ಇಳಿದು ಬಂದವರು ಮೇಲಿನ ಮನೆಯ ಜಿಮ್ ಮಾಸ್ತರು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು.

"ಅಣ್ಣಾ, ಎಲ್ಲಾ ಅಂದ್ರೆ... ಎಲ್ಲಾನೂ?"

ಸಾರ್ ಏನೂ ಅರ್ಥವಾಗದೆ "ಹ್ಞೂಂ" ಎಂದರು.

"ದಮ್ಮಯ್ಯ ಅಂತೀನಿ! ಅತ್ತೆ-ಸೊಸೆ ಧಾರಾವಾಹಿ ನೋಡಿ ನಾನು ಗೊಳೋ ಅಂತ ಅಳೋದು ಜಿಮ್ ಹುಡುಗರಿಗೆ ಗೊತ್ತಾದ್ರೆ ನನ್ನ ಗತಿ ಏನು?"

ಸಾರ್‌ಗೆ ಈಗ ವಿಷಯ ಹೊಳೆಯಿತು. ಗಂಟಲು ಸರಿಮಾಡಿಕೊಂಡು, "ಸಂಜೆವರೆಗೆ ನೆಟ್ ಮುಟ್ಟಬೇಡಿ. ನೋಡೋಣ," ಎಂದರು ನ್ಯಾಯಾಧೀಶರ ಗತ್ತಿನಲ್ಲಿ.

ಹಿಂದೆಯೇ ಕೆಳಮನೆಯ ಸಂಗೀತದ ಮೇಡಂ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದರು. "ನಿಮ್ಮ ಹತ್ರ ಮುಚ್ಚುಮರೆ ಏನು ಬಂತು? ಬೆಳಿಗ್ಗೆ ನೆಟ್ಟಲ್ಲಿ ಕಲಿತ ಹಾಡನ್ನೇ ಸಂಜೆ ಮಕ್ಕಳಿಗೆ ಪಾಠ ಮಾಡ್ತೀನಿ. ನಿಮ್ಮ ತಂಗಿ ಅಂದ್ಕೊಂಡು ಹೊಟ್ಟೇಲಿ ಹಾಕ್ಕೊಳ್ಳಿ."

ಸಾರ್ ಅವರಿಗೂ ಅದೇ ಅಪ್ಪಣೆ ಕೊಟ್ಟು, ಚಹಾವನ್ನೂ ಗುಟ್ಟನ್ನೂ ಹೊಟ್ಟೆಯಲ್ಲಿ ಹಾಕಿಕೊಂಡರು. ಆಹಾ, ಅಧಿಕಾರವೆಂದರೆ ಇದು! ಒಳಗೆ ಬಂದರೆ ಹೆಂಡತಿಯ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

"ರೀ, ನಂದೂ ಕಾಣುತ್ತಾ?"

"ಕಾಣದೇ ಏನು!"

"ನಿಮ್ಮ ಗೊರಕೆಗೆ ಮದ್ದು ಹುಡುಕ್ತಿದ್ದೆ ಅಷ್ಟೇ, ದೇವರಾಣೆ. ಮದುವೆ ಆದಾಗಿಂದ ಹುಡುಕ್ತಿದೀನಿ."

ಈ ಗುಟ್ಟು ಮಾತ್ರ ಅಷ್ಟು ಸಲೀಸಾಗಿ ಇಳಿಯಲಿಲ್ಲ.

ನಾಲ್ಕು ಹೊಡೆಯಿತು. ಕೆಂಪು, ಹಸಿರು ಪಟ್ಟಿಗಳು ನೆಲ ಕಚ್ಚಿದ್ದವು. ಸಾರ್ ಮುಖ ಪರದೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ತಮ್ಮ ಮನೆಯಿಂದ ಮಾತಾಡುತ್ತಿದ್ದ ದೊಡ್ಡ ಸಾಹೇಬರಿಗೆ ಆಶ್ಚರ್ಯ.

"ಇದೇನ್ರೀ! ಆಫೀಸಲ್ಲಿ ಕೂತವರ ಮುಖ ಎಲ್ಲಾ ಕಲಸಿಹೋಗಿದೆ, ನಿಮ್ಮದೊಂದು ಕನ್ನಡಿ ಥರ ಇದೆ! ಏನು ಮಾಡಿದ್ರಿ?"

ಬಾಯಿ ಸುಮ್ಮನಿರಬೇಕಲ್ಲ! ಸಾರ್ ಮೀಟರಿನ ಕತೆ ಬಿಚ್ಚಿದರು. ತಾವು ಮೆಟ್ಟಿಲ ಮೇಲೆ ಗುಡುಗಿದ್ದು, ಎರಡು ಮನೆ ಗಡಗಡ ನಡುಗಿದ್ದು, ಜಟ್ಟಿಯಂಥ ಒಬ್ಬ ಬಂದು ಕೈಮುಗಿದದ್ದು, ಎಲ್ಲವನ್ನೂ ಒಗ್ಗರಣೆ ಹಾಕಿ ಬಣ್ಣಿಸಿದರು. ಇನ್ನು ಬಸ್ಸಿನ ಗೊಡವೆ ಈ ಜನ್ಮಕ್ಕಿಲ್ಲ ಎಂದು ಎದೆ ಒಂದು ಗೇಣು ಉಬ್ಬಿತ್ತು.

"ಭಲೇ!" ಎಂದರು ಸಾಹೇಬರು. "ನಮ್ಮ ಆಫೀಸಿನ ನೆಟ್ಟಿಗೂ ಇದೇ ರೋಗ. ಇಂಥಾ ಹುಲಿ ಮನೇಲಿ ಯಾಕಿರಬೇಕು? ನಾಳೆಯಿಂದ ದಿನಾ ಆಫೀಸಿಗೆ ಬಂದುಬಿಡಿ. ಒಬ್ಬೊಬ್ಬರನ್ನೂ ಹೀಗೇ ನಡುಗಿಸಿ!"

ಸಾರ್‌ಗೆ ಹಳೆಯ ಮಂತ್ರವೊಂದೇ ನೆನಪಿಗೆ ಬಂತು.

"ಹಲೋ? ಹಲೋ ಸಾರ್? ಕೇಳಿಸ್ತಿಲ್ಲ... ನೆಟ್ ಕಟ್ ಆಗ್ತಿದೆ..."

"ಎಲ್ರೀ ಕಟ್ ಆಗ್ತಿದೆ? ನಿಮ್ಮ ಕಣ್ಣಲ್ಲಿ ನೀರು ತುಂಬಿರೋದೂ ಕಾಣ್ತಿದೆ ನಂಗೆ. ಆನಂದಬಾಷ್ಪ!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು.

ಒಂದೊಂದು ಚಪ್ಪಾಳೆಯೂ ಸ್ಪಷ್ಟವಾಗಿ ಕೇಳಿಸಿತು.